ಗುಡ್ಡ ಎನ್ನಬಾರದ ಮನೆ

ನಮ್ಮ ಮನೆಯ ಹೆಂಗಸರು ಗುಡ್ಡಕ್ಕೆ ಗುಡ್ಡ ಎನ್ನುತ್ತಿರಲಿಲ್ಲ, ಡೊಂಗರ ಎನ್ನುತ್ತಿದ್ದರು. ಬೆಳಗಾವಿಯಲ್ಲಿ ನಮ್ಮ ಮಾತಿನ ಅರ್ಧ ಮರಾಠಿಯಿಂದ ಬಂದದ್ದೇ ಆದ್ದರಿಂದ ಚಿಕ್ಕಂದಿನಲ್ಲಿ ನಾನು ಇದನ್ನು ದೊಡ್ಡದು ಮಾಡಿಕೊಂಡಿರಲಿಲ್ಲ. ಕನ್ನಡ ಸಾಲೆಯಲ್ಲಿ ಮಾಸ್ತರರು ಕಿಟಕಿಯಾಚೆಗೆ ಕಣಬರಗಿಯ ಗುಡ್ಡ ತೋರಿಸಿ ಇದೇನು ಎಂದು ಕೇಳಿದಾಗ ನಾನು ಎಲ್ಲರಿಗಿಂತ ಮೊದಲು ಎದ್ದು ನಿಂತು, "ಡೊಂಗರ ರೀ!" ಎಂದು ಒದರಿದೆ. ಇಡೀ ವರ್ಗ ನಕ್ಕಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಮನೆಗೆ ಬಂದವಳೇ ಪಾಟಿಚೀಲ ಎಸೆದು ಆಯಿಯ ಮುಂದೆ ನಿಂತೆ. ನಮ್ಮಲ್ಲಿ ಅಜ್ಜಿಗೆ ಆಯಿ ಎನ್ನುತ್ತೇವೆ.

"ಗುಡ್ಡಕ್ಕ ಗುಡ್ಡ ಅನ್ನಾಕ ನಿಮಗೇನ ಧಾಡಿ ಆಗೇತಿ?"

ಆಯಿ ಗಾಬರಿಯಾಗಿ ನನ್ನ ಬಾಯಿಯ ಮೇಲೆ ಕೈ ಇಟ್ಟಳು. ಅಡುಗೆಮನೆಯಿಂದ ಅವ್ವ ಸೆರಗಿನಲ್ಲಿ ನಗುವುದು ಕೇಳಿಸಿತು. ಕಟ್ಟೆಯ ಮೇಲೆ ಕುಳಿತು ಎಲೆ ಹಾಕಿಕೊಳ್ಳುತ್ತಿದ್ದ ಅಜ್ಜನಂತೂ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅನ್ನು, ಅನ್ನು, ಇನ್ನೊಮ್ಮಿ ಅನ್ನು! ನಿಮ್ಮಾಯಿ ಎದ್ದು ಹಿತ್ತಲಕ್ಕ ಓಡಿ ಹೋಗ್ತಾಳ ನೋಡು."

ಯಾಕೆಂದರೆ ಅಜ್ಜನ ಹೆಸರು ಗುಡ್ಡಪ್ಪ. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಮಾವನ ಹೆಸರು, ಅತ್ತೆಯ ಹೆಸರು, ಅವರಿಗೂ ಹಿರಿಯರ ಹೆಸರು, ಯಾವುದನ್ನೂ ಸೊಸೆ ಹೇಳುವ ಹಾಗಿರಲಿಲ್ಲ. ಹೆಸರಷ್ಟೇ ಅಲ್ಲ, ಆ ಹೆಸರಿನೊಳಗಿನ ಮಾತೂ ಬಾಯಲ್ಲಿ ಬರಬಾರದು. ಹೀಗಾಗಿ ಆಯಿಗೆ ಗುಡ್ಡವೆಂದರೆ ಗಂಡ, ಅವ್ವನಿಗೆ ಗುಡ್ಡವೆಂದರೆ ಮಾವ. ಇಬ್ಬರೂ ಮರಾಠಿಯ ಡೊಂಗರವನ್ನು ಕಡ ತಂದು ಸಂಸಾರ ಸಾಗಿಸಿದ್ದರು. ನಾನು ಈ ಮನೆಯ ಮಗಳು, ಸೊಸೆಯಲ್ಲ. ನನಗೆ ಯಾವ ಕಟ್ಟೂ ಇಲ್ಲ. ಅದು ಗೊತ್ತಾದ ದಿನದಿಂದ ನಾನು ಆಯಿಯನ್ನು ಕಾಡಬೇಕೆನಿಸಿದಾಗಲೆಲ್ಲ ಅವಳ ಕಿವಿಯ ಹತ್ತಿರ ಹೋಗಿ "ಗುಡ್ಡ" ಎಂದು ಹೇಳಿ ಓಡಿಬಿಡುತ್ತಿದ್ದೆ.

ನಮ್ಮ ಮನೆದೇವರು ಶ್ರೀಶೈಲದ ಮಲ್ಲಯ್ಯ. ಅಲ್ಲಿಂದಲೇ ಶುರುವಾದದ್ದು ಈ ಗುಡ್ಡದ ಹುಚ್ಚು. ಅಜ್ಜನ ಅಪ್ಪ ಗಿರಿಮಲ್ಲಪ್ಪ. ಅಜ್ಜ ಗುಡ್ಡಪ್ಪ. ನಮ್ಮಪ್ಪ ಶ್ರೀಶೈಲಪ್ಪ. ಅವನಿಗೆ ಗಂಟುಬಿದ್ದ ನಮ್ಮವ್ವನ ಹೆಸರು ತವರಿನಿಂದಲೇ ಪಾರ್ವತಿ, ಪರ್ವತದ ಮಗಳು! ಸಂಬಂಧ ಕೂಡಿಸಿದವರು ಇದನ್ನು ನೋಡಿಯೇ ಕೂಡಿಸಿದರೋ ಏನೋ. ಮುಂದೆ ಅಣ್ಣ ಹುಟ್ಟಿದಾಗ, ತೀರಿಕೊಂಡಿದ್ದ ಮುತ್ತಜ್ಜನ ಹೆಸರೇ ಇಡಬೇಕಾಯಿತು. ಆದರೆ ಅಪ್ಪ ಕಚೇರಿಯಲ್ಲಿ ಕಾರಕೂನ, ನಾಲ್ಕು ಜನರ ನಡುವೆ ಕುರ್ಚಿ ಹಾಕಿ ಕೂಡ್ರುವವ. ಗಿರಿಮಲ್ಲಪ್ಪನನ್ನು ಉಜ್ಜಿ ತಿಕ್ಕಿ ಗಿರೀಶ ಮಾಡಿದ. ನನ್ನ ಹೆಸರಿನಲ್ಲಿ ಮಾತ್ರ ಒಂದು ಹರಳಷ್ಟೂ ಗುಡ್ಡವಿಲ್ಲ. ನಾನು ಹುಟ್ಟುವ ಹೊತ್ತಿಗೆ ಅವರಿಗೇ ಸಾಕಾಗಿತ್ತು ಎಂದು ಕಾಣುತ್ತದೆ.

ಗಿರೀಶ ಎಂದು ಉಜ್ಜಿದರೂ ಒಳಗಿದ್ದದ್ದು ಗಿರಿಮಲ್ಲಪ್ಪನೇ ತಾನೇ? ಆಯಿಗೆ ಅದು ಮಾವನ ಹೆಸರು. ಅವ್ವನಿಗೆ ಮಾವನ ಅಪ್ಪನ ಹೆಸರು. ಇಬ್ಬರೂ ಅವನನ್ನು ಹುಟ್ಟಿದಾಗಿನಿಂದ "ತಮ್ಮಾ" ಎಂದೇ ಕರೆದರು. ನಾವಿದ್ದ ನೆಹರು ನಗರ ಆಗ ಊರ ಹೊರಗಿನ ಬಯಲು. ಅಲ್ಲೊಂದು ಇಲ್ಲೊಂದು ಹೊಸ ಮನೆ, ನಡುವೆ ಶೇಂಗಾ ಹೊಲ. ಸಂಜೆ ಅವ್ವ ಬಾಗಿಲಲ್ಲಿ ನಿಂತು "ಏ ತಮ್ಮಾ!" ಎಂದು ಕೂಗಿದರೆ ಬಯಲಲ್ಲಿ ಆಡುತ್ತಿದ್ದ ಹುಡುಗರೆಲ್ಲ ತಿರುಗಿ ನೋಡುತ್ತಿದ್ದರು. ಎಲ್ಲರ ಮನೆಯಲ್ಲೂ ಒಬ್ಬೊಬ್ಬ ತಮ್ಮ ಇರುತ್ತಿದ್ದ. ಕೊನೆಗೆ ನನ್ನನ್ನು ಕಳಿಸುತ್ತಿದ್ದಳು. ನಾನು ಹೋಗಿ ಗಿರೀಶಾ ಎಂದು ಗಂಟಲು ಹರಿಯುವಂತೆ ಕೂಗಿ ಎಳೆದು ತರುತ್ತಿದ್ದೆ. ಆಗ ಇದು ನನಗೆ ತಮಾಷೆಯಾಗಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ಅಜ್ಜ ತೀರಿಕೊಂಡ. ಮರುವರ್ಷ ಅಣ್ಣನ ಹೆಂಡತಿ, ನಮ್ಮ ವೈನಿ, ಚೊಚ್ಚಲ ಹೆರಿಗೆಗೆ ತವರಿಗೆ ಹೋದಳು. ಅವಳ ತವರು ಖಾನಾಪುರ. ಅಪ್ಪ ಅಂದೇ ಹೇಳಿಬಿಟ್ಟ: ತನ್ನ ಅಪ್ಪ ತಿರುಗಿ ಹುಟ್ಟಿ ಬರುತ್ತಾನೆ ಎಂದು. ಆಯಿ ಕಟ್ಟೆಯ ಮೇಲೆ ಅಜ್ಜ ಕೂಡ್ರುತ್ತಿದ್ದ ಜಾಗವನ್ನು ದಿನಾ ಒದ್ದೆ ಬಟ್ಟೆಯಿಂದ ಒರೆಸತೊಡಗಿದಳು.

ದಸರೆ ಮುಂದಿತ್ತು. ಒಂದು ಮಧ್ಯಾಹ್ನ ವೈನಿಯ ಅಣ್ಣ ಕೈಯಲ್ಲಿ ಪೊಟ್ಟಣ ಹಿಡಿದು ನಮ್ಮ ಬಾಗಿಲಿಗೆ ಬಂದ. ಗಂಡಾದರೆ ಪೇಢೆ, ಹೆಣ್ಣಾದರೆ ಜಿಲೇಬಿ ಹಂಚುವುದು ನಮ್ಮ ಕಡೆಯ ರೂಢಿ. ಪೊಟ್ಟಣದ ತಳ ಪಾಕದಿಂದ ತೊಯ್ದಿತ್ತು. ಅವನು ಬಾಯಿ ತೆರೆಯುವ ಮೊದಲೇ ನಾನು ಕುಣಿದೆ.

"ಜಿಲೇಬಿ! ಅವ್ವಾ, ಜಿಲೇಬಿ!"

ಆಹಾ, ಆ ದಿನದ ಖುಷಿಯನ್ನು ನಾನು ಹೇಗೆ ಬರೆಯಲಿ! ನಾನು ಅತ್ತೆಯಾಗಿದ್ದೆ. ಬರೀ ಅತ್ತೆಯಲ್ಲ, ಸೋದರತ್ತೆ, ಅಪ್ಪನ ಒಡಹುಟ್ಟಿದವಳು. ತೊಟ್ಟಿಲ ಕಾರ್ಯದಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಇಡೀ ಜಗತ್ತಿನಲ್ಲಿ ನನಗೊಬ್ಬಳಿಗೇ ಇತ್ತು. ನಾನು ಕಿವಿಯಲ್ಲಿ ಏನು ಹೇಳುತ್ತೇನೋ ಅದೇ ಹೆಸರು. ಹೇಳಿದ ಮೇಲೆ ದೇವರು ಬಂದರೂ ಬದಲಿಸುವ ಹಾಗಿಲ್ಲ. ಕಾಲೇಜಿಗೆ ಆಗಷ್ಟೇ ಕಾಲಿಟ್ಟಿದ್ದ ಹುಡುಗಿಗೆ ಇಷ್ಟು ದೊಡ್ಡ ಅಧಿಕಾರ! ನಾನು ಹಿಗ್ಗಿ ಹೀರೇಕಾಯಿಯಾದೆ.

ಅಪ್ಪ ಜಿಲೇಬಿಯನ್ನು ಒಂದು ಕ್ಷಣ ನೋಡಿ, ಒಂದೆಳೆ ಮುರಿದು ಬಾಯಿಗೆ ಹಾಕಿಕೊಂಡ.

"ಹೆಣ್ಣಾಗಿ ಬಂದಾನ, ಬರ್ಲಿ. ತೊಟ್ಟಲದಾಗ ಗುಡ್ಡವ್ವ. ಸಾಲ್ಯಾಗ ಗಿರಿಜಾ. ಆತು, ಠರಾವ್ ಆತು."

ನಾನೂ ತಲೆ ಆಡಿಸಿದೆ. ಗಿರಿಜಾ ಚೆಲುವಾದ ಹೆಸರೇ. ಗಿರಿಯಲ್ಲಿ ಹುಟ್ಟಿದವಳು. ಅಜ್ಜನೂ ಒಳಗೆ ಬಂದ, ಮುತ್ತಜ್ಜನೂ ಬಂದ. ಒಳ್ಳೆಯದೇ ಆಯಿತು ಎಂದುಕೊಂಡೆ.

ಆ ವಾರವೇ ಅಣ್ಣನ ಜೊತೆ ಕೂಸನ್ನು ನೋಡಲು ಖಾನಾಪುರಕ್ಕೆ ಹೋದೆ. ಬಾಣಂತಿ ಕೋಣೆಯಲ್ಲಿ ಲೋಬಾನದ ಹೊಗೆ, ಬೆಳ್ಳುಳ್ಳಿ ವಾಸನೆ. ಕೂಸು ಕೆಂಪಗೆ, ಮುಷ್ಟಿ ಬಿಗಿದುಕೊಂಡು, ಹುಬ್ಬು ಗಂಟಿಕ್ಕಿಕೊಂಡು ಮಲಗಿತ್ತು. ಥೇಟ್ ಅಜ್ಜನ ಗಂಟು ಹುಬ್ಬು! ನಾನು ಚಪ್ಪಾಳೆ ತಟ್ಟಿಬಿಟ್ಟೆ. ವೈನಿ ಶ್ ಎಂದಳು. ಅವಳಿಗೆ ನನಗಿಂತ ಹೆಚ್ಚು ವಯಸ್ಸೇನಲ್ಲ. ಕನ್ನಡ, ಮರಾಠಿ ಎರಡರಲ್ಲೂ ಪಟಪಟ ಮಾತಾಡುವವಳು, ಎರಡರಲ್ಲೂ ಚೇಷ್ಟೆ ಮಾಡುವವಳು. ಅಂದು ಯಾಕೋ ಮೆತ್ತಗಿದ್ದಳು.

"ಹೆಸರ ಠರಾವ್ ಆತಂತಲ್ರಿ?"

"ಹೂಂ ರೀ ವೈನಿ. ಗಿರಿಜಾ. ತೊಟ್ಟಲದಾಗ ಅಜ್ಜನ ಹೆಸರು."

ಅವಳು ಕೂಸಿನ ತಲೆಯ ಮೇಲಿನ ಕುಂಚಿಗೆಯನ್ನು ಸರಿಮಾಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ನಾ ಹೆಂಗ ಕರೀಲ್ರಿ?"

ನನಗೆ ತಿಳಿಯಲಿಲ್ಲ.

"ಸಾಲಿ ಹೆಸರು ನಿಮ್ಮಣ್ಣಾರ್ದು. ತೊಟ್ಟಲದ್ದು ಅಜ್ಜಾರ್ದು. ಎರಡೂ ನನ್ನ ಬಾಯಾಗ ಬರೂ ಹಂಗಿಲ್ಲ. ಮಗಳ್ನ ಊಟಕ್ಕ ಕರೀಬೇಕಂದ್ರ ದಿನಾ ಒಡಪ ಹೇಳ್ಕೊಂತ ಕುಂದರ್ಲ್ಯಾ?"

ನನಗೆ ನಗು ತಡೆಯಲಾಗಲಿಲ್ಲ. ಹೆಂಗಸರು ಗಂಡನ ಹೆಸರು ಹೇಳಲು ಇದ್ದ ಒಂದೇ ದಾರಿ ಒಡಪು. ಮದುವೆ, ಬಸುರಿಯ ಕುಬಸಗಳಲ್ಲಿ ಉಳಿದ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಒತ್ತಾಯ ಮಾಡಿದಾಗ, ಪ್ರಾಸ ಕಟ್ಟಿದ ಎರಡು ಸಾಲಿನ ನಡುವೆ ಗಂಡನ ಹೆಸರನ್ನು ಸಿಕ್ಕಿಸಿ ಹೇಳಿ, ನಾಚಿ ಓಡುವುದು. ದಿನಾ ಮೂರು ಹೊತ್ತು ಒಡಪು ಹೇಳಿ ಮಗಳನ್ನು ಊಟಕ್ಕೆ ಕರೆಯುವ ವೈನಿಯನ್ನು ನೆನೆದು ನಾನು ನಗುತ್ತಲೇ ಇದ್ದೆ. ಅವಳು ನಗಲಿಲ್ಲ.

"ನಿಮ್ಮವ್ವಾರು ನಿಮ್ಮಣ್ಣಾರ್ನ ಹೆಸರ್ಲೆ ಕರದದ್ದು ಎಂದರ ಕೇಳೀರೇನು?"

ನನ್ನ ನಗು ಅಲ್ಲಿಗೇ ನಿಂತಿತು. ಬಾಗಿಲಲ್ಲಿ ನಿಂತು ತಮ್ಮಾ ತಮ್ಮಾ ಎಂದು ಕೂಗಿ, ಯಾರ್‍ಯಾರದೋ ಹುಡುಗರು ತಿರುಗಿ ನೋಡಿದಾಗ ಸುಮ್ಮನೆ ಒಳಗೆ ಬರುತ್ತಿದ್ದ ಅವ್ವ ಕಣ್ಣ ಮುಂದೆ ಬಂದಳು. ಹೆತ್ತ ಮಗನ ಹೆಸರನ್ನು ಅವಳು ಒಂದು ಸಲವೂ ಹೇಳಿರಲಿಲ್ಲ. ಅವನಿಗೆ ಟೈಫಾಯ್ಡ್ ಬಂದು ಎಚ್ಚರ ತಪ್ಪಿದಾಗಲೂ ತಮ್ಮಾ ಎಂದೇ ಅತ್ತಿದ್ದಳು. ನನಗೆ ತುಂಬ ಕೆಡುಕೆನಿಸಿತು.

"ನನಗ ನನ್ನ ಮಗಳ್ನ ಹೆಸರ್ಲೆ ಕರೀಬೇಕ್ರಿ," ಎಂದಳು ವೈನಿ. "ಇಷ್ಟಽ. ಹೆಸರು ಡೊಂಗರದ್ದಽ ಇರ್ಲಿ, ಬ್ಯಾಡನ್ನೂದಿಲ್ಲ. ಅಜ್ಜಾರು ಬಂದಾರ, ಖರೇ. ಆದ್ರ ನನ್ನ ಬಾಯಾಗ ಬರೂವಂಥಾದ್ದು ಇರ್ಲಿ. ಕಿವ್ಯಾಗ ಹೇಳಾಕಿ ನೀವಲ್ಲೇನ್ರಿ?"

ಹೊರಗೆ ಬಂದು ಅಣ್ಣನನ್ನು ಹಿಡಿದೆ. ಅಪ್ಪನಿಗೆ ಹೇಳು ಎಂದೆ. ಅವನು ಕುತ್ತಿಗೆ ತುರಿಸಿಕೊಂಡ. "ಅಪ್ಪನ ಮುಂದ ನಾ ಹೇಳಂಗಿಲ್ಲವಾ. ನೀನಽ ಏನರ ಮಾಡು," ಎಂದ. ಹೆಸರಿನಲ್ಲಷ್ಟೇ ಗಿರಿ!

ಮರುದಿನದಿಂದ ನನಗೆ ಹೆಸರಿನ ಹುಚ್ಚು ಹಿಡಿಯಿತು. ಕಾಲೇಜು ಮುಗಿದೊಡನೆ ಊರ ವಾಚನಾಲಯಕ್ಕೆ ಓಡಿ, ಎರಡು ಕೈಯಲ್ಲಿ ಎತ್ತಬೇಕಾದಂಥ ನಿಘಂಟನ್ನು ಮೇಜಿನ ಮೇಲೆ ದೊಪ್ಪೆಂದು ಇಡುತ್ತಿದ್ದೆ. ಪತ್ರಿಕೆ ಓದುತ್ತಿದ್ದ ಮುದುಕರು ಕನ್ನಡಕದ ಮೇಲಿಂದ ನೋಡುತ್ತಿದ್ದರು. ನನಗೆ ಯಾರ ಪರಿವೆಯೂ ಇರಲಿಲ್ಲ. ಬೆಟ್ಟಕ್ಕೆ ಇಷ್ಟು ಹೆಸರುಗಳಿವೆ ಎಂದು ಯಾರು ಬಲ್ಲರು! ಶಿಲೆಗಳಿಂದಾದದ್ದು ಶೈಲ. ಪರ್ವ ಎಂದರೆ ಗಂಟು, ಕಬ್ಬಿಗೆ ಇರುವಂಥದ್ದು. ಗಂಟು ಗಂಟಾಗಿ ಎದ್ದದ್ದು ಪರ್ವತ. ಕಬ್ಬು ತಿನ್ನುವಾಗ ನಾನು ಪರ್ವತ ಜಗಿಯುತ್ತಿದ್ದೆನಲ್ಲ ಎಂದು ಒಬ್ಬಳೇ ನಕ್ಕೆ. ಭೂಮಿಯನ್ನು ಹೊತ್ತದ್ದು ಭೂಧರ. ಎಲ್ಲಿಗೂ ಹೋಗದ್ದು ನಗ. ಒಂದೊಂದು ಹೆಸರಿಗೂ ಬೇರೆ ಬೇರೆ ಯಾರೋ ಒಬ್ಬರು ಒಂದೇ ಬೆಟ್ಟದ ಮುಂದೆ ನಿಂತು, ತಮಗೆ ಕಂಡದ್ದನ್ನು ಕರೆದುಬಿಟ್ಟಿದ್ದಾರೆ ಅನಿಸಿ ಮೈ ಜುಮ್ಮೆಂದಿತು. ಒಬ್ಬನಿಗೆ ಕಲ್ಲು ಕಂಡಿದೆ, ಒಬ್ಬನಿಗೆ ಗಂಟು, ಇನ್ನೊಬ್ಬನಿಗೆ ಹೊತ್ತ ಭಾರ.

ಆದರೆ ವೈನಿಯ ಬಾಯಿಗೆ ಬರುವ ಹೆಸರು ಎಲ್ಲಿದೆ? ಶೈಲಜಾ ಎಂದು ಸಿಕ್ಕೊಡನೆ ಎದ್ದು ನಿಂತೆ, ಮತ್ತೆ ಕುಳಿತೆ. ಶೈಲದಲ್ಲಿ ನಮ್ಮಪ್ಪ ಕುಳಿತಿದ್ದಾನೆ, ಅವಳ ಮಾವ. ಪಾರ್ವತಿ ಎಂದರೆ ಅವ್ವ, ಅವಳ ಅತ್ತೆ. ಗಿರಿ ಇದ್ದದ್ದೆಲ್ಲ ಗಂಡ. ಹೈಮವತಿ ಎಂದು ಮನೆಯಲ್ಲಿ ಸುಮ್ಮನೆ ಹೇಳಿ ನೋಡಿದೆ. ಹಿಮದ ಬೆಟ್ಟದವಳು ಎಂದರ್ಥ ಎಂದೆ. "ಹಿಮಾ ನಾವೆಲ್ಲಿ ನೋಡೇವವಾ? ನಿಮ್ಮಜ್ಜಗ ಥಂಡಿ ಅಂದ್ರ ಆಗಿಬರ್ತಿರ್ಲಿಲ್ಲ," ಎಂದಳು ಆಯಿ. ಅದ್ರಿಜಾ ಎಂಬುದಕ್ಕೆ ಆಯಿಯ ಬಾಯಲ್ಲಿ ಬೇಕಾದಷ್ಟು ಹಲ್ಲಿರಲಿಲ್ಲ. ನಮ್ಮ ಹಿರಿಯರು ಒಬ್ಬೊಬ್ಬರೂ ಒಂದೊಂದು ಗುಡ್ಡ ಏರಿ ಕುಳಿತು, ಬಂದ ಸೊಸೆಗೆ ನಿಲ್ಲಲು ಒಂದು ದಿನ್ನೆಯನ್ನೂ ಬಿಟ್ಟಿರಲಿಲ್ಲ. ನನಗೆ ಅವರೆಲ್ಲರ ಮೇಲೆ ಸಿಟ್ಟು ಬಂತು, ಅಜ್ಜನ ಮೇಲೂ.

ಹೆಸರಿಡುವ ದಿನ ಹತ್ತಿರವಾದಾಗ ಒಂದು ಸಂಜೆ ಸಿಕ್ಕಿತು. ಪುಟ ತಿರುವುವಾಗ ಎಷ್ಟೋ ಸಲ ದಾಟಿ ಹೋಗಿದ್ದ ಮಾತು. ನಾನು ವಾಚನಾಲಯದಲ್ಲೇ ಜೋರಾಗಿ ಓದಿಬಿಟ್ಟೆ. ಮುದುಕರೆಲ್ಲ ಶ್ ಎಂದರು. ನಾನು ನಿಘಂಟನ್ನು ಮುಚ್ಚಿ, ದಾರಿಯುದ್ದಕ್ಕೂ ಆ ಹೆಸರನ್ನು ಬಾಯಲ್ಲಿ ಆಡಿಸುತ್ತ, ನೆಹರು ನಗರದವರೆಗೂ ಓಡುತ್ತಲೇ ಬಂದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಅಪ್ಪ ಅಲ್ಲೇ ಕೊಂದು ಹಾಕುತ್ತಾನೆ. ಹೆಸರನ್ನು ಕೊಲ್ಲುತ್ತಾನೆ ಎಂದರ್ಥ, ನನ್ನನ್ನಲ್ಲ.

ಹೆಸರಿಡುವ ದಿನ ನಾವೆಲ್ಲ ರೈಲಿನಲ್ಲಿ ಖಾನಾಪುರಕ್ಕೆ ಹೊರಟೆವು. ನಾನು ಹೊಸ ಇಳಕಲ್ ಸೀರೆ ಉಟ್ಟಿದ್ದೆ, ಅತ್ತೆಯಾದವಳ ಠೀವಿ ಬೇಡವೇ? ಎಂಜಿನ್ನಿನ ಕಲ್ಲಿದ್ದಲ ಕಣ ಕಣ್ಣಿಗೆ ಬಿದ್ದರೂ ಕಿಟಕಿ ಬಿಡಲಿಲ್ಲ. ದೇಸೂರ ಬರುತ್ತಿದ್ದಂತೆ ಯಳ್ಳೂರಿನ ಕೋಟೆಯ ಗುಡ್ಡ ಕಂಡಿತು. ಮಳೆ ಹಿಂದೆ ಸರಿದಿತ್ತು, ಗುಡ್ಡ ಇನ್ನೂ ಹಸಿರಾಗಿಯೇ ಇತ್ತು.

"ನೋಡಲ್ಲಿ, ಡೊಂಗರ," ಎಂದಳು ಆಯಿ.

ನನಗೆ ತಡೆಯಲಾಗಲಿಲ್ಲ. "ಆಯಿ, ಒಂದು ಕೇಳ್ಲ್ಯಾ? ಗುಡ್ಡವ್ವ ಅಂತ ಹೆಸರಿಟ್ರ ನೀ ಕೂಸಿನ್ನ ಹೆಂಗ ಕರೀತಿ?"

ಆಯಿ ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ಉಳಿಯಿತು. ಎದುರಿಗೆ ಕುಳಿತಿದ್ದ ಅವ್ವನ ಕಡೆ ನೋಡಿದಳು. ಅವ್ವನೂ ಬಾಯಿ ತೆರೆದು ಮುಚ್ಚಿದಳು. ಗುಡ್ಡವ್ವ ಇಬ್ಬರಿಗೂ ಬರುವ ಹಾಗಿಲ್ಲ, ಗಿರಿಜಾ ಇಬ್ಬರಿಗೂ ಬರುವ ಹಾಗಿಲ್ಲ. ಹೆಸರು ಠರಾವಾದಾಗಿನಿಂದ ಮನೆಯ ತುಂಬ ಅದೇ ಮಾತಾಗಿದ್ದರೂ, ಆ ಹೆಸರನ್ನು ತಾವು ಒಮ್ಮೆಯೂ ಬಾಯಲ್ಲಿ ಆಡಿಲ್ಲವೆಂಬುದು ಅವರಿಗೇ ಹೊಳೆದಿರಲಿಲ್ಲ. ಅಪ್ಪ ಬಾಗಿಲ ಬಳಿ ಯಾರೊಡನೆಯೋ ಹರಟೆ ಹೊಡೆಯುತ್ತಿದ್ದ, ಅವನಿಗೆ ಇದು ಕೇಳಿಸಲಿಲ್ಲ.

"ಕೂಸಽ ಅಂತೇನಿ," ಎಂದಳು ಆಯಿ ಕೊನೆಗೆ. ಖಾನಾಪುರ ಬರುವವರೆಗೂ ಕಿಟಕಿಯಾಚೆಗೇ ನೋಡುತ್ತ ಕುಳಿತಳು. ಅವಳ ಮನಸ್ಸಿನಲ್ಲಿ ಏನಿದೆಯೋ ನನಗೆ ತಿಳಿಯಲಿಲ್ಲ. ಅವಳಿಗೆ ತನ್ನ ಗಂಡನ ಹೆಸರೇ ಬೇಕು ಎಂದುಬಿಟ್ಟರೆ ವೈನಿಯ ಆಸೆ ಅಲ್ಲಿಗೇ ಮುಗಿಯಿತು.

ವೈನಿಯ ತವರಿನ ಪಡಸಾಲೆಯಲ್ಲಿ ತೊಟ್ಟಿಲು ಕಟ್ಟಿದ್ದರು. ಕೇರಿಯ ಹೆಂಗಸರೆಲ್ಲ ಕೂಡಿದ್ದರು, ಅರ್ಧ ಕನ್ನಡ, ಅರ್ಧ ಮರಾಠಿ. ಬುಟ್ಟಿ ತುಂಬ ಗುಗ್ಗರಿ. ಮೊದಲು ಖಾರ ಅರೆಯುವ ಗುಂಡುಕಲ್ಲನ್ನು ತೊಳೆದು, ಅದಕ್ಕೂ ಕುಂಚಿಗೆ ತೊಡಿಸಿ ತೊಟ್ಟಿಲಲ್ಲಿ ಮಲಗಿಸಿದರು. ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು. ಶಿಲೆಯ ಮಗು ಮೊದಲು, ಆಮೇಲೆ ನಮ್ಮದು! ನಿಘಂಟು ತಲೆಗೇರಿದ್ದ ನನಗೆ ಅಂದು ಎಲ್ಲದರಲ್ಲೂ ಬೆಟ್ಟವೇ ಕಾಣುತ್ತಿತ್ತು. ಕಲ್ಲನ್ನು ತೆಗೆದು ಕೂಸನ್ನು ತೊಟ್ಟಿಲ ಮೇಲಿಂದ ಒಬ್ಬರು ಕೊಟ್ಟರು, ಕೆಳಗಿನಿಂದ ಇನ್ನೊಬ್ಬರು ತೆಗೆದುಕೊಂಡರು. ಕೂಸು ಅಳಲಿಲ್ಲ. ಹುಬ್ಬು ಗಂಟಿಕ್ಕಿ ಎಲ್ಲರನ್ನೂ ನೋಡುತ್ತಿತ್ತು. ಕೊನೆಗೆ ಮಲಗಿಸಿದರು.

"ಎಲ್ಲದಾಳ ಅತ್ತಿ? ಬರ್ಲಿ ಅತ್ತಿ!"

ನಾನು ಬಗ್ಗಿದೆ. ತೊಟ್ಟಿಲಿನ ಆಚೆ ಬದಿಗೆ ವೈನಿ ತಲೆಗೆ ಸ್ಕಾರ್ಫು ಕಟ್ಟಿಕೊಂಡು ಕುಳಿತಿದ್ದಳು. ಅವಳಿಗೂ ನಾನು ಹೆಸರು ಹೇಳಿರಲಿಲ್ಲ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಕೂಸಿನ ಕಿವಿ ಬೆಚ್ಚಗಿತ್ತು, ಎಣ್ಣೆಯ ವಾಸನೆ ಬರುತ್ತಿತ್ತು. ಕುರ್ರ್ ಎಂದು ಊದಿ ಹೆಸರು ಹೇಳಿದೆ. ಹೇಳಿದ್ದೇ ತಡ, ಹೆಂಗಸರೆಲ್ಲ ನನ್ನ ಬೆನ್ನ ಮೇಲೆ ದಬದಬ ಗುದ್ದತೊಡಗಿದರು. ಹೆಸರಿಟ್ಟ ಅತ್ತೆಗೆ ಗುದ್ದು ಬೀಳಲೇಬೇಕು, ಅದು ಪದ್ಧತಿ. ಸೊಸೆಯರಿಗೆ ಅತ್ತೆಯೊಬ್ಬಳನ್ನು ಮನಸಾರೆ ಹೊಡೆಯಲು ಸಿಗುವ ಅವಕಾಶ ಅದೊಂದೇ ಎಂದು ಕಾಣುತ್ತದೆ. ನಾನು ನಗುತ್ತ, ಗುದ್ದು ತಿನ್ನುತ್ತ, ತೊಟ್ಟಿಲು ಹಿಡಿದು ನಿಂತೆ.

"ನಾಂವ ಕಾಯ ಠೇವಲಂ?" ಎಂದು ಪಕ್ಕದ ಮನೆಯಾಕೆ ಮರಾಠಿಯಲ್ಲಿ ಕೂಗಿದಳು. "ಏನ ಇಟ್ಟಿ? ಏನಿಟ್ಟಿ?" ಎಂದು ಉಳಿದವರು.

"ಅಚಲಾ!" ಎಂದೆ.

ಗಂಡಸರು ಕುಳಿತಿದ್ದ ಕಟ್ಟೆಯಿಂದ ಅಪ್ಪ ಎದ್ದು ಬಾಗಿಲಿಗೆ ಬಂದ.

"ಏನಂದಿ?"

"ಅಚಲಾ. ಅಚಲ ಅಂದ್ರ ಗುಡ್ಡ ಅಂತನಽ ಅರ್ಥ. ಅಲುಗಾಡದ್ದು, ಜರಗದ್ದು. ನಿಘಂಟದಾಗ ನೋಡೇನಿ."

"ಅರ್ಥ ಇದ್ರ ಆತೇನು? ಇದರಾಗ ನಮ್ಮಪ್ಪ ಎಲ್ಲಿದಾನ? ಹೆಸರ ಕರದ್ರ ಅವನ ನೆನಪಾಗಬೇಕು."

ಅಷ್ಟು ಜನರ ಮುಂದೆ ಅಪ್ಪನಿಗೆ ಎದುರು ಮಾತಾಡಿದವಳಲ್ಲ ನಾನು. ಆದರೆ ವೈನಿಯ ಮುಖ ನೋಡಿದೆ. ತುಟಿ ಕಚ್ಚಿಕೊಂಡು ಕೂಸಿನ ಪಾದ ಹಿಡಿದಿದ್ದಳು. ನನ್ನ ಸಿಟ್ಟು ನೆತ್ತಿಗೇರಿತು.

"ಕರಿಯಾವ್ರ ಯಾರಪ್ಪಾ? ಗುಡ್ಡವ್ವ ಅಂತಿಟ್ರ ಆಯಿ ಕರಿಯಂಗಿಲ್ಲ. ಅವ್ವ ಕರಿಯಂಗಿಲ್ಲ. ಹಡದಾಕಿನಽ ಕರಿಯಂಗಿಲ್ಲ. ಗಿರಿಜಾ ಅಂದ್ರೂ ಅದಽ ಹಣೇಬರಹ. ನಾ ನಾಳೆ ಮದುವಿ ಆಗಿ ಹೋದೆ, ನೀ ಕಚೇರಿಗೆ ಹೋದಿ, ಅಣ್ಣ ಕೆಲಸಕ್ಕ ಹೋದ, ಮನ್ಯಾಗ ಕೂಸಿನ್ನ ಕರಿಯಾವ್ರ ಯಾರು, ಬೆಕ್ಕು?"

ಯಾರೋ ಒಬ್ಬರು ಕಿಸಕ್ಕೆಂದರು, ಆಮೇಲೆ ಎಲ್ಲರೂ. ಅಪ್ಪನ ಮುಖ ಕೆಂಪಾಯಿತು. ಅವನು ಆಯಿಯ ಕಡೆ ನೋಡಿದ. ಎಲ್ಲರೂ ಆಯಿಯ ಕಡೆಯೇ ನೋಡಿದರು. ಗೋಡೆಗೆ ಒರಗಿ ಚಾಪೆಯ ಮೇಲೆ ಕುಳಿತಿದ್ದ ಆಯಿ ಮೊಣಕಾಲಿಗೆ ಕೈಕೊಟ್ಟು ಎದ್ದಳು. ತೊಟ್ಟಿಲ ಹತ್ತಿರ ಬಂದಳು.

"ಜರಗಲಾರದ್ದು ಅಂತ ಅರ್ಥೇನು?"

"ಹೌದ ಆಯಿ."

"ಅಂದ್ರ ಅವರದಽ ಹೆಸರು. ಸಂತಿಗೆ ಹೋಗ್ರಿ ಅಂದ್ರೂ ಕಟ್ಟಿ ಬಿಟ್ಟು ಜರಗ್ತಿರ್ಲಿಲ್ಲ."

ಹೆಂಗಸರು ಮತ್ತೆ ನಕ್ಕರು. ಆಯಿ ನಗಲಿಲ್ಲ. ಕೂಸಿನ ಮೇಲೆ ಬಗ್ಗಿ, ಬೊಚ್ಚುಬಾಯಲ್ಲಿ ಹೊಸ ಹೆಸರನ್ನು ಮೆಲ್ಲಗೆ ಹೊರಳಿಸಿ ನೋಡಿದಳು.

"ಅಚಲಾ."

ಮತ್ತೊಮ್ಮೆ, ತುಸು ಜೋರಾಗಿ, "ಅಚಲಾ!" ಎಂದಳು. ಆಮೇಲೆ ಥಟ್ಟನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಣ್ಣು ಮಾತ್ರ ಮಿನುಗುತ್ತಿದ್ದವು.

"ಯವ್ವಾ, ಕರದ ಬಿಟ್ಟೆ ನೋಡ್ರಿ! ಅವರ್ನ ಹೆಸರ ಹಿಡದು ಕರದ ಬಿಟ್ಟೆ!"

ಆಯಿ ತನ್ನ ಮದುವೆಯಲ್ಲಿ ಒಂದೇ ಸಲ ಒಡಪು ಹೇಳಿದ್ದಳಂತೆ, ಅದೂ ಯಾರಿಗೂ ಕೇಳಿಸಲಿಲ್ಲವಂತೆ. ಅಷ್ಟೇ. ಆಮೇಲೆ ಒಂದು ಆಯುಷ್ಯವೆಲ್ಲ "ಕೇಳಿದ್ರೇನು", "ಇಲ್ನೋಡ್ರಿ" ಎಂದೇ ಗಂಡನನ್ನು ಕರೆದವಳು, ಅವನು ಸತ್ತ ಮೇಲೆ ತೊಟ್ಟಿಲ ಮುಂದೆ ನಿಂತು ಕರೆಯುತ್ತಿದ್ದಳು. ನಗುತ್ತಲೇ ಅವಳ ಕಣ್ಣಲ್ಲಿ ನೀರು ಇಳಿಯಿತು. ನಾನೂ ಅತ್ತುಬಿಟ್ಟೆ, ನನಗೆ ಅಷ್ಟು ಸಂತೋಷವಾಗಿತ್ತು. ಅಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಆತಪಾ, ಅಚಲಾ ಅಂದ್ರ ಅಚಲಾ," ಎಂದು ಮತ್ತೆ ಕಟ್ಟೆಗೆ ಹೋದ. ಗುಗ್ಗರಿ ಹಂಚತೊಡಗಿದರು.

ವೈನಿಯನ್ನು ಹೆಂಗಸರು ಬಿಡಲಿಲ್ಲ. ಇಂಥ ದಿನ ಒಡಪು ಹೇಳದಿದ್ದರೆ ಹೇಗೆ ಎಂದು ಸುತ್ತಿಕೊಂಡರು. ಅವಳು ಕೂಸನ್ನು ಎತ್ತಿಕೊಂಡು ನಿಂತು, ಸ್ವಲ್ಪವೂ ನಾಚದೆ, ಕಟ್ಟೆಯವರೆಗೂ ಕೇಳುವಂತೆ ಹೇಳಿದಳು:

"ಖಾನಾಪುರದ ಹೆಂಚು, ಬೆಳಗಾವಿ ಕುಂದಾ,
ಗಿರೀಶರಾಯರ ಮನಿ ತುಂಬಿದ್ದು ನನಗ ಆನಂದಾ."

ಕಟ್ಟೆಯ ಮೇಲೆ ಅಣ್ಣ ತಲೆ ತಗ್ಗಿಸಿ ಗುಗ್ಗರಿ ಮುಕ್ಕುತ್ತಿದ್ದ, ಕಿವಿ ಕೆಂಪಗಾಗಿದ್ದವು. ಒಡಪಿಗೆ ಚಪ್ಪಾಳೆ ಬಿದ್ದ ಮೇಲೆ ವೈನಿ ಕೂಸಿನ ಮುಖಕ್ಕೆ ಮುಖ ತಾಗಿಸಿ, ಯಾವ ಒಡಪೂ ಇಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ ಕರೆದಳು. ಅಚಲಾ, ಅಚಲಾ, ಅಚಲಾ. ಸಾಕು ಬಿಡ್ರಿ ವೈನಿ, ಹೆಸರು ಸವೆದು ಹೋಗ್ತೈತಿ ಎಂದು ನಾನು ಚೇಷ್ಟೆ ಮಾಡಿದೆ.

ನನ್ನ ಮದುವೆಯಾಗಿ ಎಂಬತ್ತರ ದಶಕದಲ್ಲಿ ನಾನು ತವರಿಗೆ ಬರುವವಳಾದೆ. ಅಷ್ಟರಲ್ಲಿ ಆಯಿ ತೀರಿಹೋಗಿದ್ದಳು, ಶೇಂಗಾ ಹೊಲದಲ್ಲೂ ಮನೆಗಳು ಎದ್ದಿದ್ದವು. ಹಾಗೆ ಬಂದಿದ್ದ ಒಂದು ಸಂಜೆ ಅಣ್ಣ ಮತ್ತು ನಾನು ಪಡಸಾಲೆಯಲ್ಲಿ ಕುಳಿತಿದ್ದೆವು. ಅವ್ವ ಅಣ್ಣನ ಮುಂದೆ ಚಹಾ ಇಟ್ಟು ಬಾಗಿಲಿಗೆ ಹೋಗಿ ನಿಂತಳು. ದೂರದ ಬಯಲಲ್ಲಿ ಹುಡುಗಿಯರ ಗುಂಪೊಂದು ಆಡುತ್ತಿತ್ತು.

"ಅಚಲಾ! ಏ ಅಚಲಾ!"

ಅವ್ವನಿಗೆ ಅಷ್ಟು ದೊಡ್ಡ ದನಿ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅಷ್ಟು ಹುಡುಗಿಯರಲ್ಲಿ ಒಬ್ಬಳೇ ತಿರುಗಿ ನೋಡಿ, ಲಂಗ ಎತ್ತಿಕೊಂಡು ಮನೆಯ ಕಡೆ ಓಡತೊಡಗಿದಳು. ಅಣ್ಣ ಅದನ್ನೇ ನೋಡುತ್ತಿದ್ದ. ಅವನ ತಲೆಯಲ್ಲಿ ಆಗಲೇ ಅಲ್ಲಲ್ಲಿ ಬಿಳಿ ಕೂದಲಿದ್ದವು.

"ಅವ್ವಾ," ಎಂದ, ನಗೆಯಾಡುವ ಹಾಗೆ. "ನನ್ನೂ ಒಮ್ಮಿ ಹಂಗ ಹೆಸರ್ಲೆ ಕರಿ ನೋಡೂಣು."

ಅವ್ವ ತಿರುಗಿ ನಿಂತಳು. ಅವನನ್ನು ನೋಡಿದಳು. ತುಟಿ ಅಲುಗಿದವು. ಹೇಳಿಯೇ ಬಿಡುತ್ತಾಳೆ ಎಂದುಕೊಂಡೆ.

"ಚಹಾ ಆರತೈತಿ, ಕುಡಿ ತಮ್ಮಾ," ಎಂದಳು. ಮತ್ತೆ ಬಯಲಿನ ಕಡೆ ತಿರುಗಿದಳು. ಹುಡುಗಿ ಆಗಲೇ ಅಂಗಳಕ್ಕೆ ಬಂದುಬಿಟ್ಟಿದ್ದಳು, ಕರೆಯುವ ಅಗತ್ಯವೇನೂ ಇರಲಿಲ್ಲ. ಆದರೂ ಅವ್ವ ಇನ್ನೊಮ್ಮೆ, ಅಷ್ಟೇ ಜೋರಾಗಿ, ಅಚಲಾ ಎಂದು ಕೂಗಿದಳು.